ಚಿಕಾಗೋ ಬುಲ್ಸ್ 1995–96: ಹತ್ತು ಸೋಲುಗಳ ಲೆಕ್ಕ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠ ತಂಡ ಯಾವುದು ಅಂತ ಕೇಳಿದರೆ ಜಗಳ ಶುರುವಾಗುವುದು ಉತ್ತರದಲ್ಲಲ್ಲ, ‘ತಂಡ’ ಅನ್ನುವ ಪದದಲ್ಲೇ. ಬಾಸ್ಟನ್ ಸೆಲ್ಟಿಕ್ಸ್ 1957ರಿಂದ 1969ರವರೆಗಿನ 13 ಸೀಸನ್‌ಗಳಲ್ಲಿ 11 ಸಲ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗು) ಕಪ್ ಗೆದ್ದರು. ಆ ಹನ್ನೊಂದರಲ್ಲೂ ಇದ್ದ ಆಟಗಾರ ಬಿಲ್ ರಸೆಲ್ ಒಬ್ಬನೇ, ಉಳಿದವರು ಬಂದರು, ಹೋದರು. ಅದನ್ನು ಮನೆತನ ಅನ್ನಬಹುದು, ಒಂದು ತಂಡ ಅನ್ನಲಾಗದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಅಮೆರಿಕ ಕಳಿಸಿದ ತಂಡದಲ್ಲಿ ಹನ್ನೆರಡರಲ್ಲಿ ಹನ್ನೊಂದು ಮಂದಿ ಎನ್‌ಬಿಎ ಆಟಗಾರರು. ಆದರೆ ಅದು ಕೆಲವು ವಾರಗಳ ಕೂಟ, ಎದುರಿಗೆ ಬಂದವರೂ ಅಷ್ಟಕ್ಕಷ್ಟೇ. ಹಾಗಾಗಿ ಈ ಹೊತ್ತು ನಾನು ತಂಡ ಅಂದಾಗಲೆಲ್ಲ ಒಂದೇ ಅರ್ಥ: ಒಂದು ಸೀಸನ್, ಒಂದು ಪಟ್ಟಿ, 82 ಆಟ, ಆಮೇಲೆ ಪ್ಲೇಆಫ್ (ಸೋತವರು ಹೊರಬೀಳುವ ಸುತ್ತುಗಳು), ಕೊನೆಗೆ ಕಪ್ ಕೈಯಲ್ಲಿ. ನನ್ನ ಉತ್ತರ 1995–96ರ ಚಿಕಾಗೋ ಬುಲ್ಸ್: 72 ಗೆಲುವು, 10 ಸೋಲು.

ಕಪ್ ಕೈಯಲ್ಲಿ ಅಂದ ಕೂಡಲೇ ಒಂದು ದೊಡ್ಡ ಹೆಸರು ಬಿದ್ದುಹೋಗುತ್ತದೆ. 2015–16ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ 73 ಗೆದ್ದು 9 ಸೋತರು. ಅಷ್ಟು ಗೆಲುವು ಬೇರೆ ಯಾರಿಗೂ ಇಲ್ಲ. ಆದರೆ ಏಳು ಆಟದ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 3–1 ಮುಂದಿದ್ದು, ಆಮೇಲೆ ಮೂರನ್ನೂ ಕೈಬಿಟ್ಟರು. ಅಳತೆಯ ಪಟ್ಟಿಯಿಂದ ಅವರನ್ನು ಹೊರಗಿಡೋಣ. ಮುಂದಿನ ವರ್ಷದ ವಾರಿಯರ್ಸ್ ಬೇರೆಯದೇ ಪ್ರಾಣಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಅಳತೆಗೋಲು. ಗೆಲುವಿನ ಸಂಖ್ಯೆ ಒರಟು ಅಳತೆ. ಒಂದು ಪಾಯಿಂಟಿನಿಂದ ಗೆದ್ದರೂ ಮೂವತ್ತರಿಂದ ಗೆದ್ದರೂ ಅದು ಒಂದೇ ಅಂತ ಎಣಿಸುತ್ತದೆ. ಅದಕ್ಕಿಂತ ಹೆಚ್ಚು ಹೇಳುವುದು ಸರಾಸರಿ ಅಂತರ, ಅಂದರೆ ಆಟವೊಂದಕ್ಕೆ ಗಳಿಸಿದ ಪಾಯಿಂಟಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಸಿಗುವ ಸಂಖ್ಯೆ. 1971–72ರ ಲಾಸ್ ಏಂಜಲೀಸ್ ಲೇಕರ್ಸ್, ಸತತ 33 ಆಟ ಗೆದ್ದ ತಂಡ, 12.28ರ ಅಂತರ ಇಟ್ಟಿದ್ದರು. 1970–71ರ ಮಿಲ್ವಾಕಿ ಬಕ್ಸ್ 12.26. ನಮ್ಮ ಬುಲ್ಸ್ 12.24. ಅರ್ಧ ಶತಮಾನ ಅಲುಗಾಡದೆ ನಿಂತ ಲೇಕರ್ಸ್ ದಾಖಲೆಯನ್ನು 2024–25ರ ಒಕ್ಲಹೋಮಾ ಸಿಟಿ ಥಂಡರ್ ಮುರಿದರು: 68–14, ಅಂತರ 12.87.

ಹಾಗಾದರೆ ಥಂಡರೇ ಶ್ರೇಷ್ಠ ಅಂತ ಎದ್ದು ಹೋಗಬೇಡಿ, ಈ ಅಳತೆಯಲ್ಲೂ ಒಂದು ತೂತಿದೆ. ವೇಗವಾಗಿ ಆಡುವ ತಂಡಕ್ಕೆ ಒಂದೇ ಆಟದಲ್ಲಿ ಹೆಚ್ಚು ಅವಕಾಶ ಸಿಗುತ್ತದೆ, ಅಂತರವೂ ತಾನಾಗಿ ಹಿಗ್ಗುತ್ತದೆ. ಸರಿಯಾಗಿ ತೂಗಬೇಕಾದರೆ ಸರದಿಗಳನ್ನು ಎಣಿಸಬೇಕು. ಚೆಂಡು ನಮ್ಮ ಕೈಗೆ ಬಂದು ಎದುರಾಳಿಯ ಕೈಗೆ ಹೋಗುವವರೆಗೆ ಒಂದು ಸರದಿ. ಲೆಕ್ಕ ಹೀಗೆ: ಹೊಡೆದ ಶಾಟ್‌ಗಳನ್ನು ಬರೆದುಕೊಳ್ಳಿ, ನಮ್ಮದೇ ತಪ್ಪಿದ ಶಾಟಿನ ಮೇಲೆ ನಾವೇ ಹಿಡಿದ ರಿಬೌಂಡ್‌ಗಳನ್ನು (ಪುಟಿದು ಬಂದ ಚೆಂಡುಗಳನ್ನು) ಅದರಿಂದ ಕಳೆಯಿರಿ, ಯಾಕೆಂದರೆ ಅಲ್ಲಿ ಹಳೆಯ ಸರದಿಯೇ ಮುಂದುವರಿದಿದೆ, ಕಳೆದುಕೊಂಡ ಚೆಂಡುಗಳನ್ನು ಕೂಡಿಸಿ, ಕೊನೆಗೆ ಫ್ರೀ ಥ್ರೋಗಳನ್ನು (ಫೌಲಿಗೆ ಸಿಗುವ, ಯಾರೂ ತಡೆಯದ ಎಸೆತಗಳನ್ನು) 0.44ರಿಂದ ಗುಣಿಸಿ ಸೇರಿಸಿ. ಅರ್ಧ ಅಂತ ಹಾಕದೆ 0.44 ಯಾಕೆ? ಫ್ರೀ ಥ್ರೋ ಹೆಚ್ಚಾಗಿ ಜೋಡಿಯಲ್ಲಿ ಬರುತ್ತದೆ, ನಿಜ. ಆದರೆ ಶಾಟ್ ಬಿದ್ದ ಮೇಲೆ ಸಿಗುವ ಒಂಟಿ ಥ್ರೋ, ಟೆಕ್ನಿಕಲ್ ಫೌಲಿನ ಥ್ರೋ ಇವು ಹೊಸ ಸರದಿಯನ್ನು ತಿನ್ನುವುದಿಲ್ಲ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಈ ತಕ್ಕಡಿಯಲ್ಲಿ ಇಡಿ. 1995–96ರ ಬುಲ್ಸ್ ನಿಧಾನದ ತಂಡ, ಆಟಕ್ಕೆ ಸುಮಾರು 91 ಸರದಿ. ನೂರು ಸರದಿಗೆ ಅವರು ಗಳಿಸಿದ್ದು 115.2 ಪಾಯಿಂಟ್, ಕೊಟ್ಟದ್ದು 101.8. ಅಂತರ 13.4. ಹೊಡೆಯುವುದರಲ್ಲೂ ತಡೆಯುವುದರಲ್ಲೂ ಆ ವರ್ಷ ಲೀಗಿಗೇ ಮೊದಲಿಗರು. ಇದೇ ಲೆಕ್ಕದಲ್ಲಿ ಥಂಡರ್ ಸುಮಾರು 12.8, 2016–17ರ ವಾರಿಯರ್ಸ್ 11.6. ಎಪ್ಪತ್ತರ ದಶಕದ ಲೇಕರ್ಸ್ ಮತ್ತು ಬಕ್ಸ್‌ಗೆ ಈ ಲೆಕ್ಕ ಕರಾರುವಾಕ್ಕಾಗಿ ಹಾಕಲು ಬರುವುದಿಲ್ಲ. ತಮ್ಮವರು ತಪ್ಪಿಸಿದ ಶಾಟಿನ ರಿಬೌಂಡು, ಎದುರಾಳಿ ತಪ್ಪಿಸಿದ್ದರ ರಿಬೌಂಡು, ಈ ಎರಡನ್ನು ಎನ್‌ಬಿಎ ಬೇರೆ ಬೇರೆಯಾಗಿ ಬರೆಯತೊಡಗಿದ್ದೇ 1973–74ರಿಂದ. ಆದರೆ ಆ ಲೇಕರ್ಸ್ ಆಟಕ್ಕೆ 121 ಪಾಯಿಂಟ್ ಹೊಡೆಯುತ್ತಿದ್ದ ತಂಡ. ಅಷ್ಟು ವೇಗಕ್ಕೆ ಭಾಗಿಸಿದರೆ 12.28 ಎಷ್ಟು ಕುಗ್ಗೀತು ಅಂತ ನೀವೇ ಊಹಿಸಬಹುದು. ಜತೆಗೆ ಆಗ ಎಬಿಎ ಅನ್ನುವ ಪೈಪೋಟಿ ಲೀಗೂ ಇತ್ತು, ಒಳ್ಳೆಯ ಆಟಗಾರರು ಎರಡು ಕಡೆ ಹಂಚಿಹೋಗಿದ್ದರು.

ಉಳಿದವರನ್ನು ಬೇಗ ನೋಡಿಬಿಡೋಣ. 1985–86ರ ಸೆಲ್ಟಿಕ್ಸ್ ತಮ್ಮ ಅಂಗಳದಲ್ಲಿ 40 ಗೆದ್ದು ಒಂದೇ ಸೋತರು. ಲ್ಯಾರಿ ಬರ್ಡ್, ಮೆಕ್‌ಹೇಲ್, ಪ್ಯಾರಿಶ್, ಬೆಂಚಿನಿಂದ ಬಿಲ್ ವಾಲ್ಟನ್. ಪಾಸ್‌ಗಳ ಚೆಂದಕ್ಕೆ ಅಂಕ ಕೊಡುವುದಾದರೆ ನನ್ನ ಮತ ಅವರಿಗೇ. ಆದರೆ ಅಂತರ ಆಟಕ್ಕೆ ಒಂಬತ್ತು ಚಿಲ್ಲರೆಯಲ್ಲಿ ನಿಲ್ಲುತ್ತದೆ. 2000–01ರ ಲೇಕರ್ಸ್ ಪ್ಲೇಆಫ್‌ನಲ್ಲಿ 15–1; ಆದರೆ ಸೀಸನ್ನಿನ 82 ಆಟದಲ್ಲಿ 26 ಸೋತಿದ್ದರು. ಆರು ತಿಂಗಳು ತೂಕಡಿಸಿ ಎರಡು ತಿಂಗಳು ಎದ್ದು ಕೂತವರು. ಥಂಡರ್ ಗೆದ್ದರು, ಸರಿ, ಆದರೆ ಡೆನ್ವರ್ ಎದುರೂ ಇಂಡಿಯಾನಾ ಎದುರೂ ಏಳನೇ ಆಟದವರೆಗೆ ಎಳೆಸಿಕೊಂಡರು, ಪ್ಲೇಆಫ್‌ನಲ್ಲಿ 16–7. ಬುಲ್ಸ್ 15–3.

ಬುಲ್ಸ್ ಬಗ್ಗೆ ಎತ್ತುವ ಮೊದಲ ಆಕ್ಷೇಪ ನಿಮಗೆಲ್ಲ ಗೊತ್ತು: ಆ ವರ್ಷ ಟೊರಾಂಟೊ ಮತ್ತು ವ್ಯಾಂಕೂವರ್ ಅಂತ ಎರಡು ಹೊಸ ತಂಡ ಲೀಗಿಗೆ ಬಂದವು, ಸುಲಭದ ತುತ್ತು ಸಿಕ್ಕಿತು ಅಂತ. ಲೆಕ್ಕ ಮಾಡಿ. ಈ ಎರಡರ ಎದುರು ಬುಲ್ಸ್ ಆಡಿದ್ದು ಆರು ಆಟಕ್ಕಿಂತ ಹೆಚ್ಚಿಲ್ಲ, ಅದರಲ್ಲಿ ಒಂದನ್ನು ಟೊರಾಂಟೊದಲ್ಲಿ ಸೋತರು. ಆ ಆಟಗಳನ್ನು ಪೂರ್ತಿ ಕಿತ್ತುಹಾಕಿದರೆ ಗೆಲುವಿನ ಪ್ರಮಾಣ ಇಳಿಯುವುದಿಲ್ಲ, ಕೂದಲೆಳೆಯಷ್ಟು ಏರುತ್ತದೆ! ಇನ್ನೂ ಒಂದು ಮಾತು. ಹೊಸ ತಂಡಗಳಿಗೆ ಪ್ರತಿ ಹಳೆಯ ತಂಡವೂ ಆಟಗಾರರನ್ನು ಬಿಟ್ಟುಕೊಡಬೇಕಿತ್ತು. 1995ರ ಆ ಹಂಚಿಕೆಯಲ್ಲಿ ಟೊರಾಂಟೊ ಮೊದಲನೆಯವನಾಗಿ ಎತ್ತಿಕೊಂಡದ್ದು ಬಿ. ಜೆ. ಆರ್ಮ್‌ಸ್ಟ್ರಾಂಗ್‌ನನ್ನು, ಅಂದರೆ ಬುಲ್ಸ್‌ನ ಗಾರ್ಡನ್ನು (ಚೆಂಡು ತಂದು ಆಟ ಕಟ್ಟುವ ಜಾಗದವನನ್ನು). ಲೀಗು ತೆಳುವಾದದ್ದು ನಿಜವಾದರೆ ಮೊದಲು ತೆಳುವಾದದ್ದು ಇವರ ಮನೆಯೇ.

ಎರಡನೆಯ ಆಕ್ಷೇಪದಲ್ಲಿ ಹುರುಳಿದೆ. 1994ರಿಂದ 1997ರವರೆಗಿನ ಮೂರು ಸೀಸನ್ ಎನ್‌ಬಿಎ ಮೂರು ಪಾಯಿಂಟಿನ ಗೆರೆಯನ್ನು 23 ಅಡಿ 9 ಅಂಗುಲದಿಂದ ಸುತ್ತಲೂ 22 ಅಡಿಗೆ ತಂದಿತ್ತು. 22 ಅಡಿ ಅಂದರೆ 6.7 ಮೀಟರ್. ಇವತ್ತಿನ ಅಂತರರಾಷ್ಟ್ರೀಯ ಗೆರೆ 6.75 ಮೀಟರ್. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹೊಸ ಅಳತೆಯ ಕೋರ್ಟಿಗೆ ಹೋಗಿ ಗೆರೆಯ ಮೇಲೆ ನಿಂತರೆ ಹೆಚ್ಚುಕಡಿಮೆ ಬುಲ್ಸ್‌ನ ಸ್ಟೀವ್ ಕರ್ ನಿಂತ ಜಾಗವೇ ಅದು. ಕರ್ ಆ ವರ್ಷ ಮೂರು ಪಾಯಿಂಟಿನ ಎಸೆತಗಳಲ್ಲಿ ನೂರಕ್ಕೆ 51.5 ಹಾಕಿದ. ಗೆರೆ ಹತ್ತಿರ ಇದ್ದದ್ದು ಸಹಾಯ ಮಾಡಿತೇ? ಮಾಡಿತು. ಆದರೆ ಅದು 29 ತಂಡಕ್ಕೂ ಒಂದೇ ಗೆರೆ.

ಈಗ ತಂಡ ಕಟ್ಟಿದ ಬಗೆ. 1995ರ ಮೇ ತಿಂಗಳಲ್ಲಿ ಇದೇ ಬುಲ್ಸ್ ಎರಡನೇ ಸುತ್ತಿನಲ್ಲಿ ಆರ್ಲ್ಯಾಂಡೊ ಎದುರು 4–2ರಲ್ಲಿ ಸೋತಿದ್ದರು. ತಂಡದ ಮುಖ್ಯ ಆಟಗಾರ ಮೈಕೆಲ್ ಜೋರ್ಡನ್ ಬೇಸ್‌ಬಾಲ್ ಬಿಟ್ಟು ಮಾರ್ಚ್‌ನಲ್ಲಷ್ಟೇ ಮರಳಿದ್ದ. ಆದರೆ ಸೋಲಿನ ಕಾರಣ ಅವನ ಕಾಲಿನಲ್ಲಿ ಮಾತ್ರ ಇರಲಿಲ್ಲ. ಪವರ್ ಫಾರ್ವರ್ಡ್ (ರಿಂಗಿನ ಹತ್ತಿರ ಆಡುವ, ರಿಬೌಂಡ್ ಹಿಡಿಯುವವನ) ಜಾಗ ಖಾಲಿ ಬಿದ್ದಿತ್ತು: ಅಲ್ಲಿ ಆಡುತ್ತಿದ್ದ ಹೊರೇಸ್ ಗ್ರಾಂಟ್ ಆರ್ಲ್ಯಾಂಡೊಗೇ ಹೋಗಿದ್ದ. ಅಕ್ಟೋಬರ್‌ನಲ್ಲಿ ವಿಲ್ ಪರ್ಡ್ಯೂ ಅನ್ನುವ ಬೆಂಚಿನ ಸೆಂಟರನ್ನು ಸ್ಯಾನ್ ಆಂಟೋನಿಯೋಗೆ ಕೊಟ್ಟು ಡೆನಿಸ್ ರಾಡ್‌ಮನ್‌ನನ್ನು ತಂದರು. ಕಾಗದದ ಮೇಲೆ ಇದಕ್ಕಿಂತ ಏಕಪಕ್ಷೀಯ ವ್ಯಾಪಾರ ಕಡಿಮೆ. ಎದುರಿನವರು ಒಪ್ಪಿದ್ದು ರಾಡ್‌ಮನ್‌ನ ಉಪಟಳ ಸಾಕಾಗಿತ್ತು ಅನ್ನುವ ಒಂದೇ ಕಾರಣಕ್ಕೆ. ಆ ಉಪಟಳ ಚಿಕಾಗೋದಲ್ಲೂ ತಪ್ಪಲಿಲ್ಲ. ಮಾರ್ಚ್‌ನಲ್ಲಿ ರೆಫರಿಗೆ ತಲೆಯಿಂದ ಗುದ್ದಿ ಆರು ಆಟ ಅಮಾನತಾದ. ಆಡಿದ್ದು 64 ಆಟ, ಆಟಕ್ಕೆ 14.9 ರಿಬೌಂಡ್. ಅದರಲ್ಲಿ ಐದೂವರೆಯಷ್ಟು ಎದುರಾಳಿಯ ರಿಂಗಿನ ಕೆಳಗೆ, ಅಂದರೆ ತನ್ನವರು ತಪ್ಪಿಸಿದ ಶಾಟಿಗೆ ಎರಡನೇ ಜೀವ.

ನನ್ನ ಲೆಕ್ಕದಲ್ಲಿ ಈ ತಂಡದ ಬೀಗದ ಕೈ ಮಾತ್ರ ರಾನ್ ಹಾರ್ಪರ್. ಕ್ಲಿಪ್ಪರ್ಸ್‌ನಲ್ಲಿದ್ದಾಗ ಆಟಕ್ಕೆ ಇಪ್ಪತ್ತು ಹೊಡೆದವನು ಇಲ್ಲಿ ಏಳು ಚಿಲ್ಲರೆಗೆ ಇಳಿದ, ಯಾಕೆಂದರೆ ಅವನ ಕೆಲಸ ಬೇರೆ. ಹಾರ್ಪರ್ ಆರೂವರೆ ಅಡಿ, ಜೋರ್ಡನ್ ಆರೂವರೆ ಅಡಿ, ಫಾರ್ವರ್ಡ್ ಸ್ಕಾಟಿ ಪಿಪ್ಪನ್ ಅದಕ್ಕಿಂತ ಒಂದೆರಡು ಅಂಗುಲ ಎತ್ತರ. ಎದುರಾಳಿ ಸ್ಕ್ರೀನ್ ಹಾಕುವುದು, ಅಂದರೆ ಕಾವಲುಗಾರನ ದಾರಿಗೆ ಅಡ್ಡ ನಿಲ್ಲುವುದು ಯಾಕೆ? ಕಾವಲುಗಾರರು ಅದಲುಬದಲಾಗಿ, ಎತ್ತರದವನ ಎದುರು ಗಿಡ್ಡವನು ಸಿಕ್ಕಿಬೀಳಲಿ ಅಂತ. ಇಲ್ಲಿ ಮೂವರೂ ಒಂದೇ ಅಚ್ಚು. ಸ್ಕ್ರೀನ್ ಹಾಕಿದರೆ ಸುಮ್ಮನೆ ಬದಲಾಗುತ್ತಾರೆ, ಎದುರಾಳಿಗೆ ಸಿಕ್ಕಿದ್ದು ಮತ್ತೆ ಅದೇ ಗೋಡೆ. ಇದರ ಮೇಲೆ ಸಮಯದ ಒತ್ತಡ. ಅರ್ಧ ಕೋರ್ಟು ದಾಟಲು ಆಗ 10 ಸೆಕೆಂಡ್ ಇತ್ತು, ಈಗ 8. ಚೆಂಡು ತರುವವನನ್ನು ಪಿಪ್ಪನ್ ಆಚೆ ತುದಿಯಿಂದಲೇ ಸವರಿಕೊಂಡು ಬರುತ್ತಿದ್ದ. ದಾಟುವಷ್ಟರಲ್ಲಿ ಏಳೆಂಟು ಸೆಕೆಂಡ್ ಹೋಗಿರುತ್ತದೆ, ಸರದಿಯೊಂದಕ್ಕೆ ಸಿಗುವ 24ರಲ್ಲಿ ಆಟ ಕಟ್ಟಲು ಉಳಿದದ್ದು ಹದಿನಾರು. ಒಂದು ಸ್ಕ್ರೀನ್ ವ್ಯರ್ಥವಾದರೆ ಹತ್ತು. ಆಮೇಲೆ ಯಾರೋ ಕೈಗೆ ಬಂದ ಹಾಗೆ ಎಸೆಯುತ್ತಾನೆ, ರಾಡ್‌ಮನ್ ಹಿಡಿಯುತ್ತಾನೆ. ಲೀಗಿನ ಮೊದಲ ದರ್ಜೆಯ ಡಿಫೆನ್ಸ್ ತಂಡದ ಐವರಲ್ಲಿ ಆ ವರ್ಷ ಮೂವರು ಬುಲ್ಸ್: ಜೋರ್ಡನ್, ಪಿಪ್ಪನ್, ರಾಡ್‌ಮನ್. ಹಾರ್ಪರ್‌ಗೆ ಅದು ಸಿಗಲಿಲ್ಲ.

ಹೊಡೆಯುವ ಕಡೆ ಟ್ರಯಾಂಗಲ್. ಕೋಚ್ ಫಿಲ್ ಜಾಕ್ಸನ್, ಆದರೆ ಪದ್ಧತಿ ಅವರ ಸಹಾಯಕ ಟೆಕ್ಸ್ ವಿಂಟರ್ ಅವರದು. ಇದನ್ನು ತಿಳಿಯದೆಯೇ ಕೊಂಡಾಡುವವರು ಬಹಳ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕೋರ್ಟಿನ ಬಲಪಕ್ಕ ಕಣ್ಣಮುಂದೆ ತಂದುಕೊಳ್ಳಿ. ರಿಂಗಿನ ಹತ್ತಿರ, ಬಣ್ಣ ಬಳಿದ ಜಾಗದ ಅಂಚಿನಲ್ಲಿ, ರಿಂಗಿಗೆ ಬೆನ್ನು ಹಾಕಿ ಒಬ್ಬ: ಪೋಸ್ಟ್. ಅವನಿಂದ ಹೊರಕ್ಕೆ ಓರೆಯಾಗಿ ಒಬ್ಬ: ವಿಂಗ್. ಗಾರ್ಡ್ ವಿಂಗಿಗೆ ಪಾಸ್ ಕೊಟ್ಟು ತಾನು ಮೂಲೆಗೆ ಓಡುತ್ತಾನೆ. ಮೂಲೆ, ವಿಂಗ್, ಪೋಸ್ಟ್, ತ್ರಿಕೋನ ಆಯಿತು. ಉಳಿದ ಇಬ್ಬರಲ್ಲಿ ಒಬ್ಬ ಮೇಲೆ ನಡುವಿನಲ್ಲಿ, ಇನ್ನೊಬ್ಬ ಎಡಪಕ್ಕದಲ್ಲಿ. ಇಲ್ಲಿಂದ ಮುಂದೆ ಬರೆದಿಟ್ಟ ನಡೆ ಇಲ್ಲ. ಕಾವಲುಗಾರ ಎಲ್ಲಿ ನಿಂತಿದ್ದಾನೆ ಅನ್ನುವುದೇ ಮುಂದಿನ ಪಾಸನ್ನು ಹೇಳುತ್ತದೆ.

ವಿಂಗ್ ಮೊದಲು ಪೋಸ್ಟ್ ಕಡೆ ನೋಡುತ್ತಾನೆ. ದಾರಿ ತೆರೆದಿದ್ದರೆ ಚೆಂಡು ಒಳಗೆ. ಒಳಗೆ ಹೋದ ಕೂಡಲೇ ಪಾಸ್ ಕೊಟ್ಟವನೇ ಮೊದಲು ಓಡಬೇಕು, ಅವನ ಹಿಂದೆ ಮೂಲೆಯವನು. ಇಬ್ಬರೂ ಪೋಸ್ಟಿನ ಮುಂದೆ ಕತ್ತರಿಯ ಹಾಗೆ ಹಾಯುತ್ತಾರೆ, ಯಾರ ಕಾವಲು ಸಡಿಲವಾಯಿತೋ ಅವನಿಗೆ ಚೆಂಡು. ಪೋಸ್ಟಿಗೆ ದಾರಿ ಇಲ್ಲದಿದ್ದರೆ ಮೇಲಿನ ಗಾರ್ಡಿಗೆ ಕೊಟ್ಟು ಎಡಕ್ಕೆ ತಿರುಗಿಸು. ಆ ಗಾರ್ಡಿನ ಕಾವಲುಗಾರ ಪಾಸಿಗೆ ಅಡ್ಡ ಕೈ ಚಾಚಿ ನಿಂತಿದ್ದಾನೋ? ಆಗ ಎಡಪಕ್ಕದವನು ಫ್ರೀ ಥ್ರೋ ಗೆರೆಯ ಕೊನೆಗೆ ಓಡಿ ಬಂದು ಚೆಂಡು ತೆಗೆದುಕೊಳ್ಳುತ್ತಾನೆ, ಅಡ್ಡ ನಿಂತವನ ಬೆನ್ನ ಹಿಂದಿನಿಂದ ಗಾರ್ಡ್ ರಿಂಗಿಗೆ ನುಗ್ಗುತ್ತಾನೆ. ತಡೆಯಲು ಹೋದದ್ದೇ ತಪ್ಪಾಗುತ್ತದೆ.

ಇದು ಎಲ್ಲಿ ಕೆಡುತ್ತದೆ? ಮುಖ್ಯವಾಗಿ ಅಂತರದಲ್ಲಿ. ಇಬ್ಬರ ನಡುವೆ 15ರಿಂದ 18 ಅಡಿ ಇರಬೇಕು. ಹತ್ತಾದರೆ ಒಬ್ಬ ಕಾವಲುಗಾರ ಇಬ್ಬರನ್ನೂ ಕಾಯುತ್ತಾನೆ. ಇಪ್ಪತ್ತೈದಾದರೆ ಪಾಸು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಯಾರೋ ಕಸಿಯುತ್ತಾನೆ. ಇನ್ನೊಂದು, ವಿಂಗ್ ನಿಲ್ಲುವ ಕೋನ. ವಿಂಗ್, ಪೋಸ್ಟ್, ರಿಂಗ್ ಮೂರೂ ಒಂದೇ ಸಾಲಿನಲ್ಲಿರಬೇಕು. ವಿಂಗ್ ಒಂದೆರಡು ಹೆಜ್ಜೆ ಮೇಲೆ ಸರಿದರೂ ಕಾವಲುಗಾರ ಪೋಸ್ಟಿನ ಪಕ್ಕದಿಂದ ಕೈ ತೂರಿಸುತ್ತಾನೆ. ಹಾಗಾದಾಗ ಚೆಂಡನ್ನು ಮೂಲೆಗೆ ಇಳಿಸಿ ಅಲ್ಲಿಂದ ಒಳಗೆ ಕೊಡಬೇಕು. ಕೋನ ಬದಲಾದರೆ ಕಾವಲುಗಾರ ತಪ್ಪು ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತಾನೆ. ಮೂರನೆಯ ರೋಗ, ಚೆಂಡನ್ನು ಹಿಡಿದು ಯೋಚಿಸುವುದು. ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾವಲು ಮತ್ತೆ ನೆಟ್ಟಗಾಗುತ್ತದೆ. ಕಲಿಯಲು ಒಂದು ಸೀಸನ್ ಬೇಕಾಗುವ ಪದ್ಧತಿ ಇದು. ಆಮೇಲೆ ಇದನ್ನು ಆಮದು ಮಾಡಿಕೊಂಡ ತಂಡಗಳು ಬಹುಪಾಲು ಮುಗ್ಗರಿಸಿದ್ದು ಅದಕ್ಕೇ. ಬುಲ್ಸ್‌ನಲ್ಲಿ ಜಾಕ್ಸನ್ ಮುಖ್ಯ ಕೋಚ್ ಆದದ್ದು 1989ರಲ್ಲಿ. 1995ರ ಹೊತ್ತಿಗೆ ಪಿಪ್ಪನ್ ನಿದ್ದೆಯಲ್ಲೂ ಸರಿಯಾದ ಜಾಗದಲ್ಲಿ ನಿಲ್ಲುತ್ತಿದ್ದ.

ಎಲ್ಲರೂ 72 ಗೆಲುವು ಎಣಿಸುತ್ತಾರೆ. ಸೋತ ಹತ್ತನ್ನು ಎಣಿಸೋಣ. ಅದರಲ್ಲಿ ಮೂರು ಒಂದೊಂದೇ ಪಾಯಿಂಟಿನಿಂದ: ಟೊರಾಂಟೊದಲ್ಲಿ 109–108, ಷಾರ್ಲಟ್ ಎದುರು 98–97, ಇಂಡಿಯಾನಾ ಎದುರು 100–99. ಕೊನೆಯೆರಡು ತಮ್ಮದೇ ಅಂಗಳದಲ್ಲಿ, ಏಪ್ರಿಲ್‌ನಲ್ಲಿ. ಅಂಗಳದ 41 ಆಟದಲ್ಲಿ ಸೋತದ್ದು ಆ ಎರಡೇ. ಅಂದರೆ ಇಡೀ ಸೀಸನ್ ತಮ್ಮ ಜನರ ಮುಂದೆ ಅವರಿಗೆ ಕಡಿಮೆ ಬಿದ್ದದ್ದು ಒಟ್ಟು ಎರಡು ಪಾಯಿಂಟ್. ಟೊರಾಂಟೊ ಆಟದಲ್ಲಿ ರಾಡ್‌ಮನ್ ಅಮಾನತಿನಲ್ಲಿದ್ದ. ನಿಜವಾಗಿ ಮಣ್ಣುಮುಕ್ಕಿದ್ದು ಒಂದು ಸಲ, ಮಾರ್ಚ್ 10ರಂದು ನ್ಯೂಯಾರ್ಕ್‌ನಲ್ಲಿ, 104–72. ಸತತ ಎರಡು ಸೋತದ್ದೂ ಒಂದೇ ಸಲ: ಫೆಬ್ರವರಿಯಲ್ಲಿ ಡೆನ್ವರ್, ಆಮೇಲೆ ಫೀನಿಕ್ಸ್. ಮೂರು ಯಾವಾಗಲೂ ಇಲ್ಲ.

ಫೈನಲ್‌ನ ಎರಡು ಸೋಲು ಇದಕ್ಕಿಂತ ಪಾಠದ್ದು. ಸಿಯಾಟಲ್ ಎದುರು ಬುಲ್ಸ್ ಮೊದಲ ಮೂರೂ ಗೆದ್ದಿದ್ದರು. ನಾಲ್ಕನೆಯದು 107–86, ಐದನೆಯದು 89–78, ಎರಡೂ ಸಿಯಾಟಲ್‌ಗೆ. ಸಾಮಾನ್ಯವಾಗಿ ಹೇಳುವ ಕಾರಣ, ಆ ವರ್ಷದ ಅತ್ಯುತ್ತಮ ಡಿಫೆಂಡರ್ ಗ್ಯಾರಿ ಪೇಟನ್‌ನನ್ನು ಜೋರ್ಡನ್ ಮೇಲೆ ಬಿಟ್ಟರು ಅಂತ. ಅರ್ಧ ಸತ್ಯ. ಉಳಿದರ್ಧ ಹಾರ್ಪರ್‌ನ ಮೊಣಕಾಲು. ನೋವಿನಿಂದ ಅವನು ಆ ಆಟಗಳಲ್ಲಿ ಕೋರ್ಟಿನಲ್ಲಿ ನಿಂತದ್ದೇ ಕಡಿಮೆ. ಅವನಿಲ್ಲದಿದ್ದರೆ ಪೇಟನ್‌ನನ್ನು ತಡೆಯುವ ಹೊರೆ ಜೋರ್ಡನ್, ಪಿಪ್ಪನ್ ಮೇಲೆ ಬೀಳುತ್ತದೆ; ಅಲ್ಲಿ ಸುಟ್ಟ ಕಾಲು ಇನ್ನೊಂದು ತುದಿಯಲ್ಲಿ ಶಾಟಿಗೆ ಏಳುವುದಿಲ್ಲ. ಆರನೇ ಆಟಕ್ಕೆ ಹಾರ್ಪರ್ ಮರಳಿದ. ಜೋರ್ಡನ್ 19 ಶಾಟಿನಲ್ಲಿ 5 ಮಾತ್ರ ಹಾಕಿದ, ಆದರೂ ತಂಡ 87–75ಕ್ಕೆ ಗೆದ್ದಿತು. ಸಿಯಾಟಲ್‌ಗೆ 75 ಪಾಯಿಂಟ್! ರಾಡ್‌ಮನ್ ಎದುರಾಳಿಯ ರಿಂಗಿನ ಕೆಳಗೇ 11 ರಿಬೌಂಡ್ ಹಿಡಿದ. ಮುಖ್ಯ ಆಟಗಾರನ ಶಾಟ್ ಬೀಳದ ದಿನ ಕಪ್ ಗೆಲ್ಲುವ ತಂಡ ಎಷ್ಟಿವೆ, ಹೇಳಿ?

ಇನ್ನು 2016–17ರ ವಾರಿಯರ್ಸ್. 67–15, ಪ್ಲೇಆಫ್ 16–1. ಆ ಒಂದು ಸೋಲೂ ಕ್ಲೀವ್‌ಲ್ಯಾಂಡ್ 24 ತ್ರೀಗಳನ್ನು (ಮೂರು ಪಾಯಿಂಟಿನ ಶಾಟ್) ಹಾಕಿದ ರಾತ್ರಿ. ಈ ತಂಡ ಹುಟ್ಟಿದ್ದು ಟಿವಿ ಹಕ್ಕಿನ ಹಣದಿಂದ. 2016ರ ಬೇಸಿಗೆಯಲ್ಲಿ ಹೊಸ ಒಪ್ಪಂದ ಜಾರಿಗೆ ಬಂದು ತಂಡವೊಂದರ ಸಂಬಳದ ಮಿತಿ ಏಳು ಕೋಟಿ ಡಾಲರ್‌ನಿಂದ ಒಮ್ಮೆಲೇ ಒಂಬತ್ತು ಕೋಟಿ 41 ಲಕ್ಷಕ್ಕೆ ಜಿಗಿಯಿತು. ತಂಡದ ಮುಖ್ಯ ಆಟಗಾರ ಸ್ಟೀಫನ್ ಕರಿಯ ಹಳೆಯ ಒಪ್ಪಂದ ಆ ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿತ್ತು. ಕಣಕಾಲಿನ ಗಾಯದ ಕಾಲದಲ್ಲಿ ಮಾಡಿದ ಅಗ್ಗದ ಒಪ್ಪಂದ ಅದು. ಈ ಎರಡರ ನಡುವಿನ ಬಿರುಕಿನಲ್ಲಿ ಲೀಗಿನ ಇನ್ನೊಬ್ಬ ದೊಡ್ಡ ಆಟಗಾರ ಕೆವಿನ್ ಡುರಾಂಟ್ ಒಳಗೆ ಬಂದ. ಏರಿಕೆಯನ್ನು ಎರಡು ಮೂರು ವರ್ಷಕ್ಕೆ ಹಂಚೋಣ ಅಂತ ಲೀಗು ಕೇಳಿತ್ತು, ಆಟಗಾರರ ಸಂಘ ಒಪ್ಪಿರಲಿಲ್ಲ. ಒಪ್ಪಿದ್ದರೆ ಈ ತಂಡವೇ ಇರುತ್ತಿರಲಿಲ್ಲ. ಇದರಿಂದ ಅವರ ಆಟ ಸಣ್ಣದಾಗುವುದಿಲ್ಲ: ಆಟಕ್ಕೆ 30.4 ಅಸಿಸ್ಟ್ (ಬುಟ್ಟಿಗೆ ಬಿದ್ದ ಶಾಟಿಗೆ ದಾರಿ ಮಾಡಿದ ಪಾಸ್). ಆ ಅಸಿಸ್ಟುಗಳ ಒಂದು ಮೂಲ ಯಾವುದು ಗೊತ್ತೇ? ಪೋಸ್ಟಿಗೆ ಚೆಂಡು ಕೊಟ್ಟು, ಕರಿ ಮತ್ತು ಅವನ ಜತೆಗಾರ ಕ್ಲೇ ಥಾಂಪ್ಸನ್ ಒಬ್ಬರಿಗೊಬ್ಬರು ಸ್ಕ್ರೀನ್ ಹಾಕಿ ಕತ್ತರಿಯ ಹಾಗೆ ಹಾಯುವುದು. ಆಗಲೇ ಹೇಳಿದೆನಲ್ಲ, ಅದೇ. ಕೋಚು ಯಾರೆಂದರೆ ಬುಲ್ಸ್‌ನ ಆ ಸ್ಟೀವ್ ಕರ್. ಒಂದು ಚುಕ್ಕೆ ಮಾತ್ರ ಉಳಿಯುತ್ತದೆ: ಸ್ಯಾನ್ ಆಂಟೋನಿಯೋ ಎದುರಿನ ಮೊದಲ ಆಟದಲ್ಲಿ 23 ಪಾಯಿಂಟ್ ಹಿಂದಿದ್ದಾಗ ಎದುರಾಳಿಯ ಕವಾಯ್ ಲೆನಾರ್ಡ್ ಕಾಲುಳುಕಿ ಹೊರಗೆ ಹೋದ, ವಾರಿಯರ್ಸ್ ಎರಡು ಪಾಯಿಂಟಿನಿಂದ ಗೆದ್ದರು.

ಎದುರುಬದುರು ಆಡಿದರೆ ಯಾರು ಗೆಲ್ಲುತ್ತಾರೆ ಅಂತ ನೀವು ಕೇಳದೆ ಬಿಡುವುದಿಲ್ಲ. ಯಾವ ನಿಯಮದಲ್ಲಿ ಅಂತ ನಾನು ಮೊದಲು ಕೇಳುತ್ತೇನೆ. 2001ರವರೆಗೆ ಎನ್‌ಬಿಎನಲ್ಲಿ ಜೋನ್ ಡಿಫೆನ್ಸ್ ನಿಷಿದ್ಧ. ತನ್ನ ಆಟಗಾರನನ್ನು ಬಿಟ್ಟು ಸುಮ್ಮನೆ ರಿಂಗಿನ ಕೆಳಗೆ ಕಾದು ನಿಲ್ಲುವಂತಿರಲಿಲ್ಲ. ರಿಂಗಿಗೆ ಮುಖ ಮಾಡಿ ಬರುವವನನ್ನು ಮುಂಗೈಯಿಂದ ಒತ್ತಿ ತಡೆಯಲು 1997ರವರೆಗೆ ಅವಕಾಶವಿತ್ತು. 2017ರ ನಿಯಮದಲ್ಲಿ ಆಡಿಸಿದರೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ರಾಡ್‌ಮನ್‌ನನ್ನು ಹೊರಗೆ ಒಂಟಿಯಾಗಿ ಬಿಟ್ಟು ಜೋರ್ಡನ್‌ನ ದಾರಿಗೆ ಬಂದು ನಿಲ್ಲುತ್ತಾನೆ. ಹಾರ್ಪರ್‌ನನ್ನೂ ಹೊರಗೆ ಯಾರೂ ಕಾಯುವುದಿಲ್ಲ. ತ್ರೀಗಳ ಲೆಕ್ಕ ಇನ್ನೂ ಕಟು. ವಾರಿಯರ್ಸ್ ಆಟಕ್ಕೆ 12 ಹಾಕುತ್ತಿದ್ದರು, ಬುಲ್ಸ್ 6.6. ಆ ವ್ಯತ್ಯಾಸವೇ 16 ಪಾಯಿಂಟ್. ಎದುರಾಳಿಯ ರಿಂಗಿನ ಕೆಳಗಿನ ರಿಬೌಂಡಿನಲ್ಲಿ ಬುಲ್ಸ್ ಐದಾರು ಹೆಚ್ಚು ಹಿಡಿದರೂ, ಸರದಿಗೆ ಒಂದು ಚಿಲ್ಲರೆ ಪಾಯಿಂಟಿನಂತೆ ಆರೇಳು ವಾಪಸ್ ಬರುತ್ತದೆ. ಇನ್ನೂ ಒಂಬತ್ತು ಬಾಕಿ.

1996ರ ನಿಯಮದಲ್ಲಾದರೆ ಚಿತ್ರ ತಿರುಗುತ್ತದೆ. ಡುರಾಂಟ್ ಮೇಲೆ ಪಿಪ್ಪನ್, ಥಾಂಪ್ಸನ್ ಮೇಲೆ ಜೋರ್ಡನ್, ಕರಿಯ ಸೊಂಟಕ್ಕೆ ಮುಂಗೈ ಒತ್ತಿಕೊಂಡು ಹಾರ್ಪರ್, ಮೂವರೂ ಸ್ಕ್ರೀನಿಗೆ ಸುಮ್ಮನೆ ಬದಲಾಗುತ್ತಾರೆ. ಅತ್ತ ಜೋರ್ಡನ್ ಪೋಸ್ಟಿನಲ್ಲಿ ಚೆಂಡು ಹಿಡಿದರೆ ಗ್ರೀನ್ ಮೊದಲೇ ಬಂದು ಕಾಯುವಂತಿಲ್ಲ, ಬಂದರೆ ರೆಫರಿ ಸೀಟಿ. ಫಿಲ್ ಜಾಕ್ಸನ್ ಮಾಡಬೇಕಾದ ಬದಲಾವಣೆ ಒಂದೇ: ಏಳು ಅಡಿ ಎರಡು ಅಂಗುಲದ ಸೆಂಟರ್ ಲ್ಯೂಕ್ ಲಾಂಗ್ಲಿಯನ್ನು ಮೊದಲ ಐದು ನಿಮಿಷದಲ್ಲೇ ಕೂರಿಸಿ ಟೋನಿ ಕುಕೋಚ್‌ನನ್ನು ಇಳಿಸಬೇಕು. ಯಾಕೆಂದರೆ ಆ ಸ್ಕ್ರೀನ್‌ಗಳಲ್ಲಿ ಕರಿಯ ಹಿಂದೆ ಹೊರಗೆ ಓಡಿಬರಲಾಗದವನು ಬುಲ್ಸ್‌ನ ಐವರಲ್ಲಿ ಲಾಂಗ್ಲಿ ಒಬ್ಬನೇ.